ದೊಡ್ಡವ್ವನ ರುಜು

ಕಬ್ಬಿಣದ ಚಿಲಕ ಕಿರುಗುಟ್ಟುವುದು ಕೇಳಿದರೆ ಈಗಲೂ ನನಗೆ ಮೊಳಕಾಲ್ಮುರಿನ ಆ ಒಂಟಿ ಕೋಣೆಯ ಮನೆ, ರೇಷ್ಮೆ ನೂಲಿನ ವಾಸನೆ, ಬಾಗಿಲ ಸಂದಿಯಿಂದ ನೆಲಕ್ಕೆ ಬೀಳುತ್ತಿದ್ದ ಬಿಸಿಲಿನ ಗೆರೆ ನೆನಪಾಗುತ್ತವೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಪ್ಪ, ಅವ್ವ ನಮ್ಮೂರು ನನ್ನಿವಾಳದಿಂದ ಕುರಿ ಹೊಡೆದುಕೊಂಡು ಮೇವಿದ್ದ ಸೀಮೆಗೆ ಹೊರಟಾಗಲೆಲ್ಲ ನನ್ನನ್ನೂ ಕರೆದೊಯ್ಯುತ್ತಿದ್ದರು. ಆ ವರ್ಷ ಮಾತ್ರ ಅವ್ವ, "ಮಕ್ಕಳ ಶಿಬಿರ ನಡೀತೈತಂತೆ, ನಾಕಕ್ಷರ ಕಲೀಲಿ" ಎಂದು ತನ್ನ ಅಕ್ಕ ಓಬಮ್ಮನ ಮನೆಯಲ್ಲಿ ಬಿಟ್ಟುಹೋದಳು. ದೊಡ್ಡವ್ವನಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಸೀರೆ ನೇಯುವವರಿಗೆ ರಾಟೆಯಲ್ಲಿ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು. ಎರಡನೆಯ ದಿನವೇ ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಅವಳು ಸುಡುವ ಟಾರಿನ ಮೇಲೆ ಬರಿಗಾಲಲ್ಲಿ ಬಂದು, ರಟ್ಟೆ ಹಿಡಿದು ಎಳೆತಂದಳು. ಅಂದಿನಿಂದ ಶಿಬಿರ ಮುಗಿದೊಡನೆ ನನ್ನನ್ನು ಒಳಗೆ ಕೂರಿಸಿಕೊಂಡು, ನನ್ನ ಕೈಗೆಟುಕದ ಎತ್ತರದ ಚಿಲಕ ಹಾಕುತ್ತಿದ್ದಳು.

ಶಿಬಿರ ನಡೆಯುತ್ತಿದ್ದ ಶಾಲೆಯ ಗೇಟಿಗೂ ಬೀಗ. ಒಂದು ದಿನ ಮೇಷ್ಟ್ರು ಸಿದ್ದಾಪುರದ ಬಂಡೆಯ ಮೇಲಿನ ಅಶೋಕನ ಶಾಸನ ತೋರಿಸಲು ಕರೆದೊಯ್ದರು. ಎಲ್ಲರೂ ಅಕ್ಷರ ನೋಡುತ್ತಿದ್ದರೆ, ನಾನು ಗುಡ್ಡದ ಓರೆಯಲ್ಲಿ ಮೇಯುತ್ತಿದ್ದ ಯಾರದೋ ಕುರಿಗಳನ್ನು ನೋಡುತ್ತ ನಿಂತು, ಅಳುತ್ತಲೇ ವ್ಯಾನು ಹತ್ತಿದೆ. ಅದೇ ಸಂಜೆ ದೊಡ್ಡವ್ವ ರಾಟೆ ನಿಲ್ಲಿಸಿ ಕೇಳಿದಳು: "ನನ್ನ ಹೆಸ್ರು ಎಂಗ್ ಬರೀತಾರೆ ಪುಟ್ಟಿ? ಶಿಬಿರದ ಕೊನೇ ದಿನ ಮಕ್ಕಳ ಮನೆಯೋರು ರುಜು ಹಾಕಾಕೆ ಬರ್ಬೇಕಂತೆ. ಎಬ್ಬೆಟ್ಟು ಒತ್ತಾಕೆ ನಾಚ್ಕೆ ಆಗ್ತೈತೆ."

ನಾನು ಸ್ಲೇಟಿನ ಮೇಲೆ 'ಕತ್ತೆ' ಎಂದು ಬರೆದುಕೊಟ್ಟೆ.

"ಎರಡೇ ಅಕ್ಷರನಾ?"

"ಹೂಂ, ಅಷ್ಟೇ."

ಅವಳು ಅದನ್ನು ಇದ್ದಿಲಲ್ಲಿ ಗೋಡೆಗೆ ಬರೆದಳು, ಒದ್ದೆ ಬೆರಳಲ್ಲಿ ಹೊಸ್ತಿಲಿಗೆ ಬರೆದಳು, ಗಂಜಿ ಕಾಯಿಸುತ್ತ ಗಾಳಿಯಲ್ಲಿ ಬರೆದಳು. "ಸರಿ ಐತಾ?" ಎಂದು ಕೇಳಿದಾಗಲೆಲ್ಲ ನಾನು ಹೂಂಗುಟ್ಟಿದೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅನ್ನ ಸೇರದಾಯಿತು. ನಾನೇ ತೋಡಿದ ಗುಂಡಿ. ಮೇಲೆ ಬರಲು ದಾರಿ ಕಾಣಲಿಲ್ಲ.

ಕೊನೆಯ ದಿನ ದೊಡ್ಡವ್ವ ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟು ಬಂದಳು. ಯಾರ ಸಹಾಯವೂ ಇಲ್ಲದೆ ರಿಜಿಸ್ಟರಿನಲ್ಲಿ ಬರೆದಳು. ಮೇಷ್ಟ್ರು ಓದಿದರು, ನನ್ನತ್ತ ನೋಡಿದರು. "ಅಕ್ಷರ ದುಂಡಗವೆ ಕಣಮ್ಮ" ಎಂದು ಪುಸ್ತಕ ಮುಚ್ಚಿದರು. ದಾರಿಯುದ್ದಕ್ಕೂ ಅವಳು ಎದುರಾದವರಿಗೆಲ್ಲ, "ರುಜು ಹಾಕ್ಬಂದೆ" ಎಂದು ಹೇಳುತ್ತ ನಡೆದಳು. ನನಗೆ ತಡೆಯಲಾಗಲಿಲ್ಲ. ಓಣಿಯ ಬೇವಿನಮರದ ಕೆಳಗೆ ನಿಂತು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ.

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಅವಳು ಕೇಳಿದ್ದು ಒಂದೇ: "ಬೇರೆ ಯಾರಾರ ಓದಿದ್ರಾ?"

"ಮೇಷ್ಟ್ರೊಬ್ರೇ."

ಸೆರಗಿನಿಂದ ನನ್ನ ಮುಖ ಒರೆಸಿ, "ನಿನ್ನ ಕೂಡಿ ಹಾಕಿದ್ನಲ್ಲ, ಅದ್ಕೆ" ಎಂದಳು. ಆ ಸಂಜೆ ಬಾಗಿಲು ತೆರೆದೇ ಇತ್ತು. ನಾನು ಎಲ್ಲಿಗೂ ಹೋಗಲಿಲ್ಲ. ಅವಳು ಸ್ಲೇಟು ತಂದು ಮುಂದಿಟ್ಟು, "ಈಗ ನಿಜವಾದ್ದು ಬರಿ" ಎಂದಳು. 'ಓ' ಬಂತು, 'ಬ' ಬಂತು. 'ಮ್ಮ' ತಿದ್ದುವಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಅಪ್ಪ ಬಂದ. "ದೀಪಾವಳಿಗೆ ಬಂದು ಉಳಿದದ್ದು ಕಲಿಸ್ಕೊಡ್ತೀಯಾ?" ಎಂದಳು ದೊಡ್ಡವ್ವ. "ಬರ್ತೀನಿ" ಎಂದೆ.

ಹೋಗಲಿಲ್ಲ. ಮರುಬೇಸಿಗೆ ಅವಳು ತೀರಿಕೊಂಡ ಸುದ್ದಿ ನಮ್ಮ ಕುರಿಹಟ್ಟಿಗೆ ಮುಟ್ಟುವ ಹೊತ್ತಿಗೆ ಮಣ್ಣಾಗಿ ಮೂರು ದಿನವಾಗಿತ್ತು. ಆ ಒತ್ತಕ್ಷರ ಅವಳ ಕೈಗೆ ಹತ್ತಿತೋ ಇಲ್ಲವೋ. ಕೇಳೋಣವೆಂದರೆ ಆ ಓಣಿಯಲ್ಲಿ ಈಗ ಅವಳನ್ನು ಬಲ್ಲವರು ಯಾರೂ ಉಳಿದಿಲ್ಲ.