ಮಂಡ್ಯದ ರಾಗಿಕಾಳು, ಮಳವಳ್ಳಿಯ ರಾಗಿಕಾಳು

ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ವಿಶ್ವದ ಅಳತೆಯ ಪಾಠ ಬಂತೆಂದರೆ ಹಬ್ಬ. ಮನೆಯಿಂದಲೇ ಒಂದು ರಾಗಿಕಾಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತೇನೆ. ಸೂರ್ಯ ಇಷ್ಟೇ ಅಂದುಕೊಳ್ಳಿ, ಎಂದು ಅದನ್ನು ಮೇಜಿನ ಮೇಲಿಡುತ್ತೇನೆ. ಹಾಗಾದರೆ ನಮ್ಮ ಭೂಮಿ ಅರ್ಧ ಗೇಣು ಆಚೆ ಇರುವ, ಕಣ್ಣಿಗೂ ಕಾಣದ ಹಿಟ್ಟಿನ ಧೂಳು. ಆ ಧೂಳಿನ ಮೇಲಿನ ನೀರಿನಲ್ಲಿ ಹೇಗೋ ಏನೋ ಜೀವ ಹುಟ್ಟಿತು, ನಾವೆಲ್ಲ ಅದರ ಸಂತಾನ. ಇನ್ನು ಪಕ್ಕದ ನಕ್ಷತ್ರ ಎಲ್ಲಿ? ಮಕ್ಕಳು ಹಿಂದಿನ ಬೆಂಚು ಅನ್ನುತ್ತಾರೆ, ಗೇಟು ಅನ್ನುತ್ತಾರೆ, ಧೈರ್ಯವಂತರು ಬಸ್ ಸ್ಟ್ಯಾಂಡು ಅನ್ನುತ್ತಾರೆ. ಈ ಕಾಳು ಮಳವಳ್ಳಿಯಲ್ಲಿದ್ದರೆ ಆ ಕಾಳು ಹೆಚ್ಚುಕಡಿಮೆ ಮಂಡ್ಯದಲ್ಲಿ, ನಡುವೆ ಬರೀ ಖಾಲಿ, ಎಂದಾಗ ಮಕ್ಕಳು ಎದ್ದು ಬಂದು ಕಾಳನ್ನು ಬಗ್ಗಿ ನೋಡುತ್ತಾರೆ. ಆಗ ನನಗೆ ಸ್ವಲ್ಪ ಜಂಬವೂ ಬರುತ್ತದೆ, ವಿಶ್ವವನ್ನು ನಾನೇ ಅಳೆದು ಬಂದವಳ ಹಾಗೆ.

ಆ ಕಾಳಿನಿಂದ ಈ ಕಾಳಿಗೆ ನಾನು ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಮನೆ ಇರುವುದು ಮಂಡ್ಯದಲ್ಲಿ. ನನ್ನ ಪಕ್ಕ ಕೂರುತ್ತಿದ್ದವಳು ಮಂಡ್ಯದ ಪಕ್ಕದ ಹಳ್ಳಿ ಹೊಳಲಿನ ಸೊಸೆ, ಮಳವಳ್ಳಿಯ ಆಫೀಸೊಂದರಲ್ಲಿ ಅವಳ ಕೆಲಸ. ಆ ವರ್ಷ ಇಬ್ಬರೂ ಬಸುರಿಯರು, ಇಬ್ಬರಿಗೂ ಐದು ತಿಂಗಳು. ಸೂರ್ಯಗ್ರಹಣ ಹತ್ತಿರ ಬಂದಿತ್ತು. ಶಾಲೆಯ ಮೈದಾನದಲ್ಲಿ ಊರವರಿಗೆಲ್ಲ ಗ್ರಹಣ ತೋರಿಸುವ ಏರ್ಪಾಡು ನನ್ನದೇ. ಬಸುರಿಯರು ಹೊರಗೆ ಬಂದರೆ ಮಗುವಿನ ತುಟಿ ಸೀಳುತ್ತದೆ ಎನ್ನುವುದು ಶುದ್ಧ ಸುಳ್ಳು, ನಾನೇ ಬಂದು ನಿಂತು ತೋರಿಸುತ್ತೇನೆ ಎಂದು ಸಿಕ್ಕಿದವರಿಗೆಲ್ಲ ಸಾರಿದ್ದೆ.

"ಅಕ್ಕ, ನಮ್ಮತ್ತೆ ಒಸ್ಲಿಂದ ಈಚೆಗೆ ಕಾಲಿಡಂಗಿಲ್ಲ ಅಂತಾವ್ರೆ. ನೀವು ಬತ್ತೀರಿ ತಾನೆ?" ಎಂದಳು ಅವಳು.

"ಬತ್ತೀನಿ ಕಣಮ್ಮ. ಏನೂ ಆಗಕಿಲ್ಲ, ನೀನೂ ಬಾ" ಎಂದೆ.

ಅದಕ್ಕೆ ಮುಂಚೆ ಎರಡು ಸಲ ನನಗೆ ಬಸುರು ನಿಂತಿರಲಿಲ್ಲ. ಗ್ರಹಣದ ಬೆಳಗ್ಗೆ ಸೀರೆ ಉಟ್ಟು, ಚಪ್ಪಲಿ ಮೆಟ್ಟಲು ಹೋದವಳಿಗೆ ಕಾಲು ಏಳಲಿಲ್ಲ. ನನ್ನ ಅತ್ತೆ ತಡೆದಿದ್ದರೆ ಹಟಕ್ಕಾದರೂ ಹೋಗಿಬಿಡುತ್ತಿದ್ದೆನೇನೋ. ಅವರು ತಡೆಯಲೇ ಇಲ್ಲ. "ಓಗದಾದ್ರೆ ಓಗವ್ವ, ಓದಿರೋಳು ನೀನು, ನಿಂಗೆ ಗೊತ್ತಿರ್ತದೆ" ಅಂದರು. ಅವರ ಮೇಲೆ ಹಾಕಿ ಜಾರಿಕೊಳ್ಳುವ ದಾರಿಯೂ ಮುಚ್ಚಿತು. ಹೆಡ್‌ಮಾಸ್ಟರಿಗೆ ಫೋನು ಮಾಡಿ ಜ್ವರ ಎಂದೆ. ರೂಮಿನ ಕಿಟಕಿ ಮುಚ್ಚಿ, ಸಂದಿಗೆ ಟವೆಲು ತುರುಕಿ, ಹೊಟ್ಟೆಯ ಮೇಲೆ ರಗ್ಗು ಎಳೆದುಕೊಂಡು ಮಲಗಿದೆ. ಚಂದ್ರನ ನೆರಳು ಯಾರ ಹೊಟ್ಟೆಗೂ ಏನೂ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ತುಟಿಯ ಎರಡು ಬದಿಯೂ ಬೆಳೆದು ಬಂದು ಕೂಡಿಕೊಳ್ಳುವುದು ಎರಡನೇ ತಿಂಗಳಿನಲ್ಲೇ, ನನ್ನೊಳಗೆ ಅದು ಯಾವತ್ತೋ ಮುಗಿದುಹೋದ ಕೆಲಸ ಎಂದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ಟವೆಲು ತುರುಕಿದೆ.

ಹೊಳಲಿನವಳು ತನ್ನ ಅತ್ತೆಯ ಜೊತೆ ಜಗಳ ಆಡಿ ಮೈದಾನಕ್ಕೆ ಬಂದಿದ್ದಳು. ಗ್ರಹಣದ ಕನ್ನಡಕ ಹಾಕಿಕೊಂಡು ಒಂದಿಷ್ಟು ಹೊತ್ತು ಸೂರ್ಯನನ್ನು, ಅದನ್ನು ತೆಗೆದು ಒಂದಿಷ್ಟು ಹೊತ್ತು ಗೇಟನ್ನು ನೋಡುತ್ತಿದ್ದಳಂತೆ. ಮಾರನೇ ದಿನ ಬಸ್ಸಿನಲ್ಲಿ "ಜ್ವರ ಬುಡ್ತಾ ಅಕ್ಕ?" ಎಂದು ಕೇಳಿ ನನ್ನ ಮುಖ ನೋಡಿದಳು. ಅರ್ಥವಾಗಿತ್ತು ಅವಳಿಗೆ.

ಅವಳಿಗೆ ಗಂಡು ಮಗು ಹುಟ್ಟಿತು, ಗುಂಡುಗುಂಡಗೆ. ನನಗೆ ಹೆಣ್ಣು, ಸೀಳುತುಟಿಯದು.

ಕೆಲವೇ ತಿಂಗಳಲ್ಲಿ ಆಪರೇಷನ್ ಆಯಿತು, ಈಗ ಮೂಗಿನ ಕೆಳಗೆ ದಾರದೆಳೆಯಂಥ ಒಂದು ಗೆರೆ ಉಳಿದಿದೆ. ಮಗಳ ತುಟಿಗೆ ನಾನು ಒಂದು ದಿನವೂ ನಾಚಿದವಳಲ್ಲ. ನನ್ನ ನಾಚಿಕೆ ಬೇರೆ. "ಆ ಮೇಡಮ್ಮು ಗ್ರಾಣದಾಗೆ ಓಗಿ ನಿಂತ್ಕಂಡ್ಲಂತೆ, ಈಗ ನೋಡು" ಎಂದು ಜನ ಆಡಿಕೊಂಡರು. ಆವತ್ತು ಊರವರು ಹೆಚ್ಚಾಗಿ ಮನೆ ಬಿಟ್ಟು ಬಂದಿರಲಿಲ್ಲ; ನಾನು ಬರಲಿಲ್ಲ ಎನ್ನುವುದು ಮೈದಾನದಲ್ಲಿದ್ದ ಶಾಲೆಯ ಮಕ್ಕಳಿಗೆ ಗೊತ್ತಿತ್ತು, ಆದರೆ ಮಕ್ಕಳನ್ನು ಯಾರು ಕೇಳುತ್ತಾರೆ? ನಾನು ಮನೆಯೊಳಗೇ ಇದ್ದೆ ಎಂದು ಒಂದು ಮಾತು ಹೇಳಿದ್ದರೆ ಆ ಪುಕಾರು ಅಲ್ಲಿಗೇ ಸಾಯುತ್ತಿತ್ತು. ಹೇಳಿದರೆ ನನ್ನ ಮರ್ಯಾದೆ ಹೋಗುತ್ತಿತ್ತು.

"ನೀವು ಬಂದಿರ್ನಿಲ್ಲ ಅಂತ ನಾನಾದ್ರೂ ಯೋಳ್ಲಾ ಅಕ್ಕ? ನಿಮ್ ಕೂಸ್ನ ತೋರ್ಸಿ ಬಸುರೇರ್‌ನೆಲ್ಲ ಎದರುಸ್ತಾವ್ರೆ" ಎಂದು ಹೊಳಲಿನ ಗೆಳತಿ ಕೇಳಿದಳು.

"ಬ್ಯಾಡ ಕಣಮ್ಮ" ಎಂದುಬಿಟ್ಟೆ. ಆ ಒಂದು ಮಾತು ನೆನೆದರೆ ಈಗಲೂ ನನಗೆ ಮೈಯೆಲ್ಲ ಮುದುಡುತ್ತದೆ. ನನ್ನ ಹೆಸರು ಉಳಿಯಲಿ ಎಂದು ಮಗಳ ಮುಖವನ್ನು ಸುಳ್ಳಿಗೆ ಸಾಕ್ಷಿಯಾಗಿ ಬಿಟ್ಟುಕೊಟ್ಟಿದ್ದೆ.

ಮೊನ್ನೆ ಮಗಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಅವಳಿಗೀಗ ಐದು ವರ್ಷ. ಎದುರಿನ ಸೀಟಿನಲ್ಲಿ ಹೊಳಲಿನ ಗೆಳತಿ, ಅವಳ ಮಗ, ಅವಳ ಅತ್ತೆ, ಅತ್ತೆಯ ಬಸುರಿ ಮಗಳು. ಇನ್ನೊಂದು ಗ್ರಹಣದ ಮಾತು ಊರಲ್ಲಿ ಶುರುವಾಗಿತ್ತು. ಅತ್ತೆ ನನ್ನ ಮಗಳ ತುಟಿಯ ಕಡೆ ಬೆರಳು ತೋರಿಸಿ, ತನ್ನ ಮಗಳಿಗೆ, "ನೋಡವ್ವ, ಆವತ್ತು ಈಚೆಗೆ ಬಂದ್ರೆ ಇಂಗೇ ಆಗದು" ಎಂದರು.

ನನ್ನ ಮಗಳು ತುಟಿ ಮುಟ್ಟಿಕೊಂಡಳು. "ಅಮ್ಮ, ನೀನು ಗ್ರಹಣ ನೋಡಕ್ಕೆ ಹೋಗಿದ್ಕೆ ನಂಗೆ ಇಂಗಾಯ್ತಾ?"

"ಇಲ್ಲ ಕಂದ. ನಾನು ಹೋಗ್ಲೇ ಇಲ್ಲ. ಕಿಟಕಿ ಮುಚ್ಕೊಂಡು ಮನೇಲಿ ಮಲಗಿದ್ದೆ."

"ಜ್ವರ ಬಂದಿತ್ತಾ?"

"ಜ್ವರ ಅಂತ ಸುಳ್ಳು ಹೇಳ್ದೆ. ಹೆದರಿಕೆ ಆಗಿತ್ತು."

ಅತ್ತೆಯ ಬೆರಳು ಕೆಳಗಿಳಿಯಿತು. ಗೆಳತಿ ತನ್ನ ಮಗನನ್ನು ತೊಡೆಗೆ ಎಳೆದುಕೊಂಡು ಬಸುರಿ ನಾದಿನಿಗೆ, "ಕೇಳುಸ್ಕಂಡ್ಯಾ? ಒಳಗಿದ್ದ ಕೂಸು ಅದು, ಈಚೆಗಿದ್ದ ಕೂಸು ಇದು" ಎಂದಳು. ಐದು ವರ್ಷದಿಂದ ನಾನು ಹೇಳದೆ ಇಟ್ಟುಕೊಂಡಿದ್ದ ಪಾಠ ಒಂದೇ ಉಸಿರಿಗೆ ಮುಗಿಯಿತು. ನಾನು ತಲೆ ಎತ್ತಲಿಲ್ಲ.

ಮಗಳು ನನ್ನ ಸೆರಗು ಜಗ್ಗಿದಳು.

"ಸೂರ್ಯ ರಾಗಿಕಾಳಷ್ಟೇ ಅಂತ ನೀನೇ ಹೇಳ್ತಿದ್ದೆ. ಅದಕ್ಕೆ ಹೆದರ್ಕೊಂಡಾ?"

"ಹೂಂ" ಎಂದೆ, ಬಸ್ಸಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ.