ದಾಸವಾಳದ ನಂತರದ ಪಾಠ

ದಾಸವಾಳದ ವಿಷಯದಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಕಾಪುವಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದ ವರ್ಷದಿಂದಲೇ, ಹತ್ತನೆಯ ತರಗತಿಯ ಗಂಡು ಹೆಣ್ಣು ಮಕ್ಕಳೆಲ್ಲರ ಎದುರು ಆ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಇದು ಕೇಸರ, ಇದು ಪರಾಗ, ಇದು ಅಂಡಾಶಯ, ಇಲ್ಲಿಂದ ಇಳಿದು ಅಲ್ಲಿ ಸೇರುತ್ತದೆ ಎಂದು ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದವಳು ನಾನು. ದಾಸವಾಳಕ್ಕೂ ನಾಚಿಕೆ ಇರಲಿಲ್ಲ, ನನಗೂ ಇರಲಿಲ್ಲ. ತೊಂದರೆ ಶುರುವಾಗುತ್ತಿದ್ದದ್ದು ಅದರ ನಂತರದ ಪಾಠದಲ್ಲಿ. ಅಲ್ಲಿ ಹೂವಿನ ಜಾಗಕ್ಕೆ ಮನುಷ್ಯರು ಬಂದುಬಿಡುತ್ತಿದ್ದರು.

ಆ ಪಾಠ ಬಂತೆಂದರೆ ನಾನು ಗಂಟಲು ಸರಿಮಾಡಿಕೊಂಡು, "ಇದನ್ನು ಮನೆಯಲ್ಲಿ ಓದಿಕೊಳ್ಳಿ, ಪರೀಕ್ಷೆಗೆ ಅಷ್ಟಾಗಿ ಬರುವುದಿಲ್ಲ" ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದೆ. ನಾನು ಕಲಿಸಿದ ಪಾಠಗಳಲ್ಲೆಲ್ಲ ಮಕ್ಕಳು ಶ್ರದ್ಧೆಯಿಂದ ಓದಿಕೊಂಡದ್ದು ನಾನು ಕಲಿಸದ ಈ ಒಂದನ್ನೇ ಇರಬೇಕು. ಪ್ರಯೋಗಾಲಯದ ಕಪಾಟಿನಲ್ಲಿ ಹೃದಯದ ಚಾರ್ಟು, ಕಣ್ಣಿನ ಚಾರ್ಟು ಎಲ್ಲ ಬಿಚ್ಚಿ ಸುತ್ತಿ ಮೂಲೆ ಹರಿದಿದ್ದವು. ಸಂತಾನೋತ್ಪತ್ತಿಯ ಚಾರ್ಟು ಮಾತ್ರ ಅಂಗಡಿಯವನು ಕಟ್ಟಿಕೊಟ್ಟ ದಾರವನ್ನೇ ಬಿಚ್ಚದೆ ಹೊಸ ಮದುಮಗಳಂತೆ ಮೂಲೆಯಲ್ಲಿ ನಿಂತಿತ್ತು.

ತಪ್ಪು ಪೂರ್ತಿ ನನ್ನದೇ ಎಂದು ಒಪ್ಪಲು ನಾನು ಸಿದ್ಧಳಿಲ್ಲ. ಭಾಷೆಯದ್ದೂ ಸ್ವಲ್ಪ ಉಂಟು. ನಮ್ಮಲ್ಲಿ ಕನ್ನಡ ಶಾಲೆಗೆ, ತುಳು ಮನೆಗೆ. ಪುಸ್ತಕದ ಕನ್ನಡವು ಈ ಅಂಗಗಳಿಗೆಲ್ಲ ಸಂಸ್ಕೃತದ ಮಡಿ ಉಡಿಸಿ ಕೂರಿಸಿತ್ತು. ವೃಷಣ ಎಂದರೆ ಯಾವುದೋ ಆಶ್ರಮದ ಋಷಿಯೇ ಇರಬೇಕು ಎನ್ನಿಸುತ್ತದೆ, ಎದ್ದು ನಮಸ್ಕಾರ ಮಾಡೋಣವೆನ್ನಿಸುತ್ತದೆ. ತುಳುವಿನಲ್ಲಿ ಹೆಸರುಗಳಿಲ್ಲ ಎಂದಲ್ಲ, ಇವೆ. ಆದರೆ ಅವು ಹೊರಗೆ ಬರುವುದು ಗಡಿಜಗಳದಲ್ಲಿ. ಪರೀಕ್ಷೆಗೆ ಒಂದು ಮಾತು, ಜಗಳಕ್ಕೆ ಒಂದು ಮಾತು, ಇಬ್ಬರು ಸಮಾಧಾನದಲ್ಲಿ ಕೂತು ಮಾತಾಡುವುದಕ್ಕೆ ಒಂದೂ ಇಲ್ಲ. ನಮ್ಮ ದೇಹದೊಳಗೇ ಇರುವ ಊರಿಗೆ ಹೋಗಲು ದಾರಿ ಕೇಳುವುದಕ್ಕೂ ಮಾತಿಲ್ಲದ ಪರಿಸ್ಥಿತಿ ನಮ್ಮದು.

ಆ ಮಾತು ನನಗೆ ಸಿಕ್ಕಿದ್ದು ಗಿರಿಜಕ್ಕನಿಂದಾಗಿ. ಗಿರಿಜಕ್ಕ ನನ್ನ ಮನೆಯೊಡತಿ. ಕಾಪುವಿನಲ್ಲಿ ಅವರ ಮನೆಯ ಹೊರಗಿನ ಎರಡು ಕೋಣೆಗಳಲ್ಲಿ ನನ್ನ ಬಿಡಾರ. ಬಾಯಿ ಜೋರು, ಕೈ ಧಾರಾಳ. ನನ್ನನ್ನು ಬೈದ ದಿನವೇ ಬಂಗುಡೆ ಮೀನಿನ ಗಸಿಯನ್ನೂ ಕಳಿಸುವ ಹೆಂಗಸು. ನಾಲ್ಕು ಹೆಣ್ಣುಮಕ್ಕಳ ನಂತರ ಹುಟ್ಟಿದ ಅವರ ಒಬ್ಬನೇ ಮಗ ದಯಾನಂದ ಬಹರೈನಿನಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳ ರಜೆಯಲ್ಲಿ ಊರಿಗೆ ಬರುತ್ತಿದ್ದ. ಅವನ ಹೆಂಡತಿ ಸುಮತಿ, ಕಾರ್ಕಳದ ಹುಡುಗಿ. ರಜೆಯೊಂದರ ಕೊನೆಯಲ್ಲಿ ಗಡಿಬಿಡಿಯಿಂದ ಮದುವೆಯಾಗಿ ವಾರದೊಳಗೆ ಗಂಡನನ್ನು ಬೊಂಬಾಯಿಯ ಬಸ್ಸು ಹತ್ತಿಸಿದವಳು. ಆಮೇಲೆ ಅವನು ಎರಡು ಸಲ ಬಂದು ಹೋದರೂ ಮಕ್ಕಳಾಗಿರಲಿಲ್ಲ.

ಮೂರನೆಯ ರಜೆ ಹತ್ತಿರ ಬರುತ್ತಿದ್ದಾಗ ಗಿರಿಜಕ್ಕ ಬಾವಿಕಟ್ಟೆಯಲ್ಲಿ ನಿಂತು, ಸುಮತಿಗೆ ಕೇಳುವಂತೆಯೇ ನನಗೆ ಹೇಳಿದರು: "ಇದೇ ಕಡೇದು ಟೀಚರೆ. ಈ ರಜೆಯಲ್ಲೂ ಎಂತ ಆಗದಿದ್ದರೆ ಇವಳನ್ನು ಕಾರ್ಕಳಕ್ಕೆ ಬಿಟ್ಟು ಬರುದೇ. ನನ್ನ ಮಗನಿಗೆ ಬೇರೆ ನೋಡ್ತೇನೆ."

ಸುಮತಿ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಮೇಲೆ ಆ ದಿನ ಬಿದ್ದ ಪೆಟ್ಟಿಗೆ ನನ್ನ ಎರಡು ಕೋಣೆಗಳೂ ನಡುಗಿದವು. ಒಳ್ಳೆಯ ಹುಡುಗಿ, ನಗುಮುಖದವಳು. ನನ್ನ ಪ್ರಶ್ನೆಪತ್ರಿಕೆಗಳನ್ನು ಚಂದದ ಅಕ್ಷರದಲ್ಲಿ ಬರೆದುಕೊಡುತ್ತಿದ್ದವಳು. "ಮೊದಲು ಮಣಿಪಾಲದಲ್ಲಿ ಡಾಕ್ಟರರಿಗೆ ತೋರಿಸುವ ಗಿರಿಜಕ್ಕ, ಆಮೇಲೆ ಉಳಿದದ್ದು" ಎಂದೆ. ನಾನೂ ಜೊತೆಗೆ ಬರಬೇಕೆಂಬ ಷರತ್ತಿನ ಮೇಲೆ ಒಪ್ಪಿದರು.

ಮಣಿಪಾಲದಲ್ಲಿ ಡಾಕ್ಟರಮ್ಮ ಸುಮತಿಯನ್ನು ಪರೀಕ್ಷಿಸಿ, ಇವಳಲ್ಲಿ ದೋಷವೇನೂ ಕಾಣುವುದಿಲ್ಲ, ಗಂಡ ಊರಿಗೆ ಬಂದಾಗ ಅವರನ್ನೂ ಕರೆದುಕೊಂಡು ಬನ್ನಿ ಎಂದರು. ಗಿರಿಜಕ್ಕನಿಗೆ ಅವಮಾನವಾಯಿತು. "ನನ್ನ ಮಗನಿಗೆ ಎಂತ ಆಗಿದೆ? ಕಂಬಳದ ಕೋಣದ ಹಾಗೆ ಇದ್ದಾನೆ!" ಎಂದು ಹೊರಗೆ ಬಂದು ಗುಡುಗಿದರು. ರಕ್ತಪರೀಕ್ಷೆಯ ವರದಿ ಬರುವುದು ಮಧ್ಯಾಹ್ನದ ಮೇಲೆ. ಸುಮತಿ ಬೆಂಚಿನಲ್ಲಿ ಕಾದು ಕೂತಳು. ಗುಡುಗು ಇನ್ನೂ ನಿಂತಿರದ ಗಿರಿಜಕ್ಕನನ್ನು ನಾನು ಹೊತ್ತು ಕಳೆಯಲೆಂದು ಹತ್ತಿರದ ಅಂಗರಚನೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ.

ಆ ಮ್ಯೂಸಿಯಮ್ಮು ನನಗೆ ಹೊಸತಲ್ಲ. ಪ್ರತಿವರ್ಷ ಮಕ್ಕಳನ್ನು ಕರೆತಂದು ಎಲುಬುಗೂಡುಗಳ ಎದುರು ಗಂಟೆಗಟ್ಟಲೆ ನಿಲ್ಲಿಸಿ, ಒಂದು ಕಪಾಟು ಬಂದಾಗ ಮಾತ್ರ, "ಬೇಗ ಬೇಗ, ಬಸ್ಸಿಗೆ ಹೊತ್ತಾಯ್ತು" ಎಂದು ಓಡಿಸುತ್ತಿದ್ದೆ. ಗಿರಿಜಕ್ಕನಿಗೆ ಎಲುಬಿನಲ್ಲಿ ಆಸಕ್ತಿ ಹುಟ್ಟಲಿಲ್ಲ. ಸೀದಾ ಆ ಕಪಾಟಿನ ಎದುರೇ ಹೋಗಿ ನಿಂತರು.

"ಇದೆಂತ ಟೀಚರೆ, ಬಾಟ್ಲಿಯಲ್ಲಿ?"

"ಗರ್ಭಕೋಶ."

"ಯಾರದ್ದು?"

"ಯಾರೋ ಹೆಂಗಸಿನದ್ದು. ಸತ್ತ ಮೇಲೆ ಮಕ್ಕಳಿಗೆ ಕಲಿಯಲಿಕ್ಕೆ ಅಂತ ಇಟ್ಟದ್ದು."

ಗಿರಿಜಕ್ಕ ತನ್ನ ಬಲಗೈಯನ್ನು ಮುಷ್ಟಿ ಮಾಡಿ ಗಾಜಿನ ಹತ್ತಿರ ಹಿಡಿದು ಅಳೆದು ನೋಡಿದರು. "ಇಷ್ಟೇಯಾ? ಐದು ಹೆತ್ತದ್ದು ನಾನು ಇಷ್ಟರೊಳಗಾ?" ಎಂದರು. ಆಮೇಲೆ ಚಪ್ಪಲಿ ಬಿಚ್ಚಿ ಬದಿಗಿಟ್ಟು ಆ ಬಾಟ್ಲಿಗೆ ಕೈಮುಗಿದರು. ನಾನು ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೋ ಎಂದು ನೋಡಿದೆ. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. "ಇದರೊಳಗೆ ಮಗು ಬರುದು ಹೇಗೆ?"

ಐದು ಹೆತ್ತವರು ಕೇಳುವ ಪ್ರಶ್ನೆಯೇ ಇದು ಎಂದು ನಾನು ಬಾಯಿ ಬಿಟ್ಟು ನಿಂತದ್ದನ್ನು ನೋಡಿ ಅವರಿಗೆ ಸಿಟ್ಟು ಬಂತು. "ಅದು ಗೊತ್ತುಂಟು ಮಾರಾಯ್ರೆ, ನಾನೆಂತ ಸಣ್ಣ ಮಗುವಾ? ಒಳಗೆ ಹೇಗೆ ಅಂತ ಕೇಳಿದ್ದು. ನೀವು ಅದನ್ನೇ ಅಲ್ವಾ ಕಲಿಸುದು?"

ಅದನ್ನೊಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಸುತ್ತೇನೆ ಎಂದು ಹೇಗೆ ಹೇಳಲಿ? ಕೊಡೆಯ ತುದಿಯಿಂದ ತೋರಿಸುತ್ತ ತುಳುವಿನಲ್ಲೇ ಶುರುಮಾಡಿದೆ. ಆ ಕಡೆ ಈ ಕಡೆ ಗೇರುಬೀಜದಷ್ಟು ದೊಡ್ಡ ಎರಡು ಅಂಡಾಶಯ. ತಿಂಗಳಿಗೊಮ್ಮೆ ಅದರಿಂದ ಒಂದು ಅಂಡ ಹೊರಡುತ್ತದೆ. ನಾಳದ ತುದಿ ಬೆರಳು ಬಿಡಿಸಿದ ಹಾಗೆ ಉಂಟಲ್ಲ, ಅದು ಅಂಡವನ್ನು ಒಳಗೆ ಕರೆದುಕೊಳ್ಳುತ್ತದೆ. ಅಲ್ಲಿ ಅದು ಹೆಚ್ಚೆಂದರೆ ಒಂದು ದಿನ ಕಾಯುತ್ತದೆ. ಗಂಡಸಿನ ವೃಷಣದಲ್ಲಿ ತಯಾರಾದ ವೀರ್ಯಾಣುಗಳು ಲೆಕ್ಕವಿಲ್ಲದಷ್ಟು ಹೊರಟು, ದಾರಿಯಲ್ಲಿ ಸೋತು ಸತ್ತು, ಕೊನೆಗೆ ಒಂದೇ ಒಂದು ಅಂಡದೊಳಗೆ ಹೋಗುತ್ತದೆ. ಎರಡೂ ಕೂಡಿದ್ದು ಗರ್ಭಕೋಶಕ್ಕೆ ಇಳಿದು ಬೇರು ಬಿಡುತ್ತದೆ. ಗರ್ಭಕೋಶ ಪ್ರತಿ ತಿಂಗಳೂ ಮೊದಲೇ ಹಾಸಿಗೆ ಹಾಸಿ ಇಟ್ಟಿರುತ್ತದೆ. ಯಾರೂ ಬರದಿದ್ದರೆ ಹಾಸಿದ್ದನ್ನು ಎತ್ತಿ ಹೊರಗೆ ಹಾಕುತ್ತದೆ. ಅದೇ ನಮ್ಮ ಮುಟ್ಟು.

"ಅಷ್ಟಕ್ಕೆಯಾ ನಮ್ಮನ್ನು ಬಚ್ಚಲುಕೊಟ್ಟಿಗೆಯ ಹತ್ತಿರ ಕೂರಿಸಿದ್ದು?" ಎಂದು ಗಿರಿಜಕ್ಕ ಗೊಣಗಿದರು. ಮತ್ತೆ ಇದ್ದಕ್ಕಿದ್ದಂತೆ ಅವರ ಮುಖದ ಬಣ್ಣ ಇಳಿಯಿತು. "ಟೀಚರೆ, ಒಂದೇ ದಿನವಾ ಅದು ಕಾಯುದು? ಹಾಗಾದರೆ... ವ್ರತ ಹಿಡಿದರೆ?"

"ಯಾವ ವ್ರತ?"

ಆಗ ಗೊತ್ತಾಯಿತು. ಮಕ್ಕಳಾಗಲಿ ಎಂದು ಗಿರಿಜಕ್ಕ ನಾಗನ ಸೇವೆಗೆ ಹರಕೆ ಹೊತ್ತಿದ್ದರು. ಸೇವೆ ಮಾಡಿಸಿ ಒಂದು ಮಂಡಲ, ಎಂದರೆ ನಲವತ್ತೆಂಟು ದಿನ ವ್ರತ. ಮೀನಿಲ್ಲ, ಒಂದೇ ಹೊತ್ತು ಊಟ, ನೆಲದ ಮೇಲೆ ಚಾಪೆ. ದಯಾನಂದ ಚಾವಡಿಯಲ್ಲಿ, ಸುಮತಿ ಒಳಗೆ ಅತ್ತೆಯ ಬದಿಯಲ್ಲಿ. ಅವನು ಬಂದಿಳಿದ ಮರುದಿನ ವ್ರತ ಶುರು. ಎರಡು ರಜೆಯೂ ಹಾಗೆಯೇ ಕಳೆದಿತ್ತು. ಮೂರನೆಯದಕ್ಕೂ ಭಟ್ಟರಲ್ಲಿ ದಿನ ಕೇಳಿ ಬಂದಾಗಿತ್ತು.

"ವ್ರತ ಮುಗಿದ ಮೇಲೆ ಫಲ ಸಿಗ್ತದೆ ಅಂತ ಅಲ್ವಾ?" ಎಂದರು ಗಿರಿಜಕ್ಕ, ಅಪ್ಪಟ ಭಯದಿಂದ.

"ವ್ರತ ಮುಗಿಯುವಾಗ ದಯಾನಂದ ಬೊಂಬಾಯಿ ಬಸ್ಸು ಹತ್ತಿ ಆಗಿರುತ್ತದಲ್ಲ ಗಿರಿಜಕ್ಕ!" ನನಗೆ ನಗು, ಅಳು, ಸಿಟ್ಟು ಎಲ್ಲ ಒಟ್ಟಿಗೇ ಬಂದಿತ್ತು. "ವೀರ್ಯಾಣು ಚಾವಡಿಯಲ್ಲಿ ಮಲಗಿದರೆ ಅಂಡ ಒಳಗಿನ ಕೋಣೆಯಲ್ಲಿ ಎಷ್ಟು ವರ್ಷ ಕಾದು ಎಂತ ಪ್ರಯೋಜನ?"

ಇದನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ ಆಚೆ ಎಲುಬು ನೋಡುತ್ತಿದ್ದ ಮೆಡಿಕಲ್ ಹುಡುಗರು ತಿರುಗಿ ನೋಡಿದರು. ನೋಡಲಿ. ಬ್ಲೇಡಿಲ್ಲದೆ, ದಾಸವಾಳವಿಲ್ಲದೆ ನಾನು ಮಾಡಿದ ಮೊದಲ ಪಾಠ ಅದು.

ವಾಪಸು ಬರುವ ಬಸ್ಸಿನಲ್ಲಿ ಗಿರಿಜಕ್ಕ ಸೊಸೆಯನ್ನು ಕೇಳಿದರು. "ನಿನಗಾದರೂ ಬಾಯಿ ಇರಲಿಲ್ವಾ?"

"ನಾನು ಹೇಗೆ ಹೇಳುದು ಅತ್ತೆ? ದೇವರ ವ್ರತ ಬೇಡ, ಗಂಡ ಬೇಕು ಅಂತ ಹೇಳಬೇಕಿತ್ತಾ?" ಎಂದ ಸುಮತಿ ಸೆರಗು ಬಾಯಿಗೆ ಒತ್ತಿ ಅತ್ತುಬಿಟ್ಟಳು.

ಸರಿಯಾದ ಮಾತೇ. ದಯಾನಂದನೂ ತಾಯಿಯ ಮಾತು ಮೀರದವನು. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿದ್ದ ವಿಷಯವನ್ನು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಿರಿಜಕ್ಕ ಕಟಪಾಡಿಯವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಅಲ್ಲಿ ಬಸ್ಸು ನಿಂತಾಗ ಕೈಚಾಚಿ ಶಂಕರಪುರ ಮಲ್ಲಿಗೆ ಕೊಂಡು, ತನ್ನ ಕೈಯಿಂದಲೇ ಸುಮತಿಯ ಜಡೆಗೆ ಮುಡಿಸಿದರು. ಕಾರ್ಕಳದ ಮಾತು ಆಮೇಲೆ ಆ ಮನೆಯಲ್ಲಿ ಎದ್ದದ್ದು ನಾನು ಕೇಳಿಲ್ಲ.

ಆದರೆ ಹೊತ್ತ ಹರಕೆಯನ್ನು ಬಿಡುವವರಲ್ಲ ಗಿರಿಜಕ್ಕ. ಭಟ್ಟರ ಮನೆಗೆ ಹೋಗಿ, ಮಗ ಸೊಸೆಯ ಬದಲು ಮನೆಯ ಹಿರಿಯಳಾಗಿ ತಾನೇ ವ್ರತ ಹಿಡಿಯಬಹುದೇ ಎಂದು ಕೇಳಿದರು. ಭಟ್ಟರು ತಿಳಿದವರು. ಧಾರಾಳವಾಗಿ ಆಗುತ್ತದೆ ಎಂದರು. ಹಾಗೆ ಆ ರಜೆಯಲ್ಲಿ ಮೀನು ಬಿಟ್ಟು, ಒಂದು ಹೊತ್ತು ಉಂಡು, ಚಾಪೆಯ ಮೇಲೆ ಮಲಗಿದವರು ಗಿರಿಜಕ್ಕ. ಮಲಗಿದ್ದು ಆ ಮನೆಯಲ್ಲೂ ಅಲ್ಲ. ಚಾಪೆ ಸುರುಟಿಕೊಂಡು ಹೂಡೆಯಲ್ಲಿ ಮಗಳ ಮನೆಗೆ ಹೋಗಿಬಿಟ್ಟರು. ಹೋಗುವಾಗ ನನ್ನ ಬಾಗಿಲು ತಟ್ಟಿದರು. "ಶಾಲೆಗೆ ರಜೆ ಅಲ್ವಾ ಟೀಚರೆ? ನೀವೂ ಬನ್ನಂಜೆಗೆ, ನಿಮ್ಮ ತಾಯಿಮನೆಗೆ ಹೋಗಿ ಅಮ್ಮನೊಟ್ಟಿಗೆ ನಾಲ್ಕು ದಿನ ಇರಿ. ಇಲ್ಲಿ ನಿಮಗೆಂತ ಕೆಲಸ?" ವಿಜ್ಞಾನಕ್ಕಾಗಿ ಬಿಡಾರ ಖಾಲಿ ಮಾಡಿದ ಟೀಚರು ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಮಳೆಗಾಲ ಹಿಡಿಯುವ ಹೊತ್ತಿಗೆ ಸುಮತಿಗೆ ಬಂಗುಡೆ ಕಾಯಿಸುವ ವಾಸನೆ ಆಗದಾಯಿತು. ಗಿರಿಜಕ್ಕ ಅಂಗಳದಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ನನ್ನನ್ನು ಕೂಗಿದರು. ಸಂತೋಷಕ್ಕೆ ನನಗೂ ಕಣ್ಣು ತುಂಬಿತು.

ಆ ವರ್ಷ ದಾಸವಾಳ ಮುಗಿದ ಮೇಲೆ ನಾನು ಚಾರ್ಟಿನ ದಾರ ಬಿಚ್ಚಿದೆ. "ನಿಮ್ಮ ಕೈಯನ್ನು ಮುಷ್ಟಿ ಮಾಡಿ ನೋಡಿ, ನೀವೆಲ್ಲ ಮೊದಲು ಇದ್ದ ಮನೆ ಇಷ್ಟೇ ದೊಡ್ಡದು" ಎಂದೆ. ನಗಬೇಕೆಂದು ಸಿದ್ಧವಾಗಿದ್ದ ಹಿಂದಿನ ಬೆಂಚಿನವರೂ ಮುಷ್ಟಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಗಂಟೆ ಹೊಡೆದದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಸುಮತಿ ಕೊನೆಗೂ ಕಾರ್ಕಳಕ್ಕೆ ಹೋದಳು, ಚೊಚ್ಚಲ ಬಾಣಂತನಕ್ಕೆ. ಹುಟ್ಟಿದ್ದು ಹೆಣ್ಣು. "ಹೆಣ್ಣಾ?" ಎಂದು ಮೂಗೆಳೆದ ನೆರೆಮನೆಯವರಿಗೆ ಗಿರಿಜಕ್ಕ, "ಗಂಡೋ ಹೆಣ್ಣೋ ನಿಶ್ಚಯ ಮಾಡುದು ಗಂಡಸಿನ ವೀರ್ಯಾಣು. ಬೇಕಿದ್ದರೆ ಬಹರೈನಿಗೆ ಕಾಗದ ಬರೆದು ಕೇಳಿ" ಎಂದರು. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಚೆನ್ನಾಗಿ ಉತ್ತರ ಹೇಳಿದವರು ಕಡಿಮೆ.

ಮಗುವನ್ನು ಮನೆಗೆ ಕರೆತಂದ ಮೇಲೆ ಹರಕೆ ಸಲ್ಲಿಸುವ ತಿರುಗಾಟ ಶುರುವಾಯಿತು. ನಾಗಬನ ಆಯಿತು, ದೇವಸ್ಥಾನಗಳಾದವು. ಕೊನೆಗೆ, "ಇನ್ನೊಂದು ಕಡೆ ಉಂಟು, ನೀವು ಬರಬೇಕು" ಎಂದು ನನ್ನನ್ನೂ ಹೊರಡಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಮ್ಯೂಸಿಯಮ್ಮಿನೊಳಗೆ ಚಪ್ಪಲಿ ಬಿಚ್ಚಿ, ಅದೇ ಬಾಟ್ಲಿಯ ಎದುರು ಮಗುವನ್ನು ಎತ್ತಿ ಹಿಡಿದು, ಕಪಾಟಿನ ಅಂಚಿನಲ್ಲಿ ಒಂದು ತುಂಡು ಮಲ್ಲಿಗೆ ಇಟ್ಟರು. ವಾಚ್‌ಮನ್ ಓಡಿಬಂದ. "ಅಮ್ಮ, ಇಲ್ಲಿ ಹೂವೆಲ್ಲ ಇಡ್ಲಿಕ್ಕಿಲ್ಲ."

"ಯಾವ ಪುಣ್ಯಾತ್ಗಿತ್ತಿಯದ್ದೋ ಏನೋ ಮಾರಾಯ. ಅವಳು ತೋರಿಸಿಕೊಡದಿದ್ದರೆ ಇದು ಹುಟ್ಟುತ್ತಿತ್ತಾ? ಅವಳಿಗೆ ಮಗುವನ್ನು ತೋರಿಸದೆ ಇರುದು ಹೇಗೆ?" ಎಂದರು ಗಿರಿಜಕ್ಕ. ವಾಚ್‌ಮನ್ ಮಗುವನ್ನು ನೋಡಿದ, ಬಾಟ್ಲಿಯನ್ನು ನೋಡಿದ, ಹೂವನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ಹೋದ.

ವಾಪಸಿನ ಬಸ್ಸು ತುಂಬಿತ್ತು. ಮಗು ಸುಮತಿಯ ಮಡಿಲಲ್ಲಿ ನಿದ್ದೆಹೋಗಿತ್ತು. ಉಡುಪಿ ದಾಟಿದ ಮೇಲೆ ಗಿರಿಜಕ್ಕ ಏನೋ ಮರೆತವರಂತೆ ಹಣೆ ಚಚ್ಚಿಕೊಂಡು, ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಇಡೀ ಬಸ್ಸಿಗೆ ಕೇಳುವ ದನಿಯಲ್ಲಿ ನನ್ನನ್ನು ಕೇಳಿದರು:

"ಟೀಚರೆ, ಗಂಡಸಿನದ್ದು ಅದರ ಪಕ್ಕದ ಬಾಟ್ಲಿಯಲ್ಲಿ ಇತ್ತಲ್ವಾ? ಅದಕ್ಕೂ ಒಂದು ಹೂ ಇಡಬೇಕಿತ್ತು. ಪಾಪ, ಅದರದ್ದೂ ಪಾಲು ಉಂಟಲ್ಲ!"

ಕಂಡಕ್ಟರ್ ಸೀಟಿಯನ್ನು ಬಾಯಿಯ ಹತ್ತಿರ ತಂದವನು ಊದಲು ಮರೆತು ನಿಂತ. ಹಿಂದಿನ ನಾನಾಗಿದ್ದರೆ ಕಟಪಾಡಿಯಲ್ಲೇ ಇಳಿದು ನಡೆದುಕೊಂಡು ಹೋಗುತ್ತಿದ್ದೆನೋ ಏನೋ.

"ಉಂಟು ಗಿರಿಜಕ್ಕ," ಎಂದೆ ಅಷ್ಟೇ ದೊಡ್ಡ ದನಿಯಲ್ಲಿ, "ಸರೀ ಅರ್ಧ."