ಮೂರನೆಯ ಸಲ ಬಂದ ಉತ್ತರ

ಗೆರ್ಗಿನ್ ಕಲ್ಲೆದೆಯವನೆಂದು ಅವನ ಸಹಾಯಕಿ ರಾದ್ಕಾ ಎಂದೋ ತೀರ್ಮಾನಿಸಿದ್ದಳು. ವರ್ನಾ ಬಂದರಿನ ಹಡಗು ಕಚೇರಿಯಲ್ಲಿ ಟೆಲಿಫೋನ್ ಸರ್ವರ್ ನೋಡಿಕೊಳ್ಳುವ ಅವನು, ನಾವಿಕರು ಹೆಂಡತಿಯರೊಡನೆ ಮಾತು ಬೆಳೆಸಿದರೆ ಗೊಣಗುತ್ತಿದ್ದ.

ಅಂದು ಮಧ್ಯಾಹ್ನ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕಿತ್ತು. ನಿಲ್ಲಿಸಿದರೆ ನಡೆಯುತ್ತಿರುವ ಕರೆ ಕಡಿದುಹೋಗುತ್ತದೆ. ಎಷ್ಟು ಕರೆಗಳಿವೆಯೆಂದು ರಾದ್ಕಾ ತನ್ನ ಕಂಪ್ಯೂಟರಿನಿಂದಲೇ ಸರ್ವರಿಗೆ ಆದೇಶ ಕಳಿಸಿ ಕೇಳಿದಳು.

"ಏನೂ ಬರಲಿಲ್ಲ. ಯಾರೂ ಮಾತಾಡ್ತಿಲ್ಲ ಗೆರ್ಗಿನ್ ಮಾಮ, ನಿಲ್ಲಿಸಿಬಿಡಿ. ಊಟಕ್ಕೆ ತಂದ ಚೀಸಿನ ಬನಿತ್ಸಾ ಆರಿಹೋಗುತ್ತೆ."

"ದೂರದಿಂದ ಕೇಳಿದ್ರೆ ಅದು ಒಮ್ಮೊಮ್ಮೆ ಉತ್ತರ ನುಂಗಿಬಿಡುತ್ತೆ ಕಣೇ. ಇನ್ನೊಂದ್ಸಲ ಕೇಳು."

ಮತ್ತೆ ಖಾಲಿ. ಮೂರನೆಯ ಸಲ ಒಂದು ಸಾಲು ಬಂತು: ನಡುಗಡಲಿನ ಹಡಗೊಂದರಿಂದ ಮನೆಯೊಂದಕ್ಕೆ ಒಂದು ಕರೆ, ನಲವತ್ತು ನಿಮಿಷದಿಂದ.

"ತಗೊಳ್ಳಿ, ನಿಮ್ಮ ಶತ್ರು ಸಿಕ್ಕಿಬಿದ್ದ. ಕಡೀರಿ!"

ಗೆರ್ಗಿನ್ ಕೀಲಿಮಣೆಯನ್ನು ಅವಳ ಕೈಗೆಟುಕದಂತೆ ಸರಿಸಿದ. ಆರಿದ ಬನಿತ್ಸಾವನ್ನು ಎರಡು ತುಂಡು ಮಾಡಿ, ಒಂದನ್ನು ಅವಳ ಮುಂದಿಟ್ಟು, ಆ ಕರೆ ತಾನಾಗಿ ಮುಗಿಯಲೆಂದು ಕಾಯುತ್ತ ಕುಳಿತ.